ಹೌದಾ ಅನ್ನಿಸುವ ಮಾತು

ನಮ್ಮ ಊರಿನಲ್ಲಿ ಕಂಪ್ಯೂಟರಿಗೆ ಪಾಸ್‌ವರ್ಡ್ ಕೆಲಸಕ್ಕೆ ಬರುವುದಿಲ್ಲ. ಬೆಳಿಗ್ಗೆ ಗುಂಡಿ ಒತ್ತಿ, ಪರದೆಗೆ ಬೆಳಕು ಬಂದಮೇಲೆ, ಅದಕ್ಕೆ ಗೊತ್ತಿಲ್ಲದ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕೇಳಿದವರು ‘ಹೌದಾ!’ ಅನ್ನಬೇಕು, ಅಂಥ ಮಾತು. ಆಗ ತೆರೆದುಕೊಂಡು ದಿನವಿಡೀ ತಕರಾರಿಲ್ಲದೆ ನಡೆಯುತ್ತದೆ. ‘ಇವತ್ತು ಉಪ್ಪಿಟ್ಟು ತಿಂದೆ’ ಎಂದರೆ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಸುಳ್ಳು ಹೇಳಿದರೆ ತೆರೆಯುತ್ತದೆ, ಆದರೆ ಅರ್ಧ ಗಂಟೆಯೊಳಗೆ ಮುಚ್ಚಿಕೊಂಡು, ಅವತ್ತಿಗೆ ಮತ್ತೆ ಯಾರ ಮಾತಿಗೂ ಬಗ್ಗುವುದಿಲ್ಲ. ಬ್ಯಾಂಕು, ಅಂಚೆ ಕಚೇರಿ, ಹಾಲಿನ ಡೈರಿ, ಆಸ್ಪತ್ರೆ, ಎಲ್ಲ ಕಡೆಗೂ ಇದೇ ಕಟ್ಟಳೆ. ಹೊರಗಿನಿಂದ ವರ್ಗವಾಗಿ ಬಂದವರು ಮೊದಲ ವಾರ ತಲೆ ಚಚ್ಚಿಕೊಳ್ಳುತ್ತಾರೆ. ಎರಡನೆಯ ವಾರ ಬೀದಿಯಲ್ಲಿ ಸಿಕ್ಕವರನ್ನೆಲ್ಲ ‘ಏನ್ರೀ ಹೊಸದು?’ ಎಂದು ಕೇಳಿಕೊಂಡು ತಿರುಗುತ್ತಾರೆ.

ಮೊದಮೊದಲು ಜನ ಕೈಗೆ ಸಿಕ್ಕ ಸುದ್ದಿಯನ್ನೆಲ್ಲ ಯಂತ್ರದ ಮುಂದೆ ಸುರಿಯುತ್ತಿದ್ದರಂತೆ. ಕೈಗೆ ಸಿಗುವ ಸುದ್ದಿ ಎಂದರೆ ಪಕ್ಕದ ಮನೆಯದ್ದು. ನ್ಯಾಯಬೆಲೆ ಅಂಗಡಿಯವನೊಬ್ಬ ತನ್ನ ಷಡ್ಡಕನ ಎರಡನೆಯ ಸಂಸಾರದ ವಿಷಯ ಹೇಳಿ ಯಂತ್ರ ತೆರೆದ. ಸೀಮೆಎಣ್ಣೆಯ ಸಾಲಿನಲ್ಲಿ ನಿಂತಿದ್ದವಳು ಆ ಷಡ್ಡಕನ ಹೆಂಡತಿ. ಅವತ್ತು ಅಂಗಡಿಯ ತಕ್ಕಡಿಯೇ ಮುರಿಯಿತು. ಅದಾದ ಮೇಲೆ ಊರಿನ ಹಿರಿಯರು ಕೂತು ತೀರ್ಮಾನಿಸಿದರು: ಇನ್ನು ಮೇಲೆ ಮಂದಿಯ ಮಾತು ಬೇಡ, ವಿಜ್ಞಾನದ ಸುದ್ದಿ ಸಾಕು. ಅದರಿಂದ ಯಾರ ಮನೆಯೂ ಮುರಿಯುವುದಿಲ್ಲ. ದಿನಕ್ಕೊಂದು ಸುದ್ದಿಯನ್ನು ಒಬ್ಬರು ಹುಡುಕಿ ಮೈಕಿನಲ್ಲಿ ಓದಿದರೆ ಊರಿನವರೆಲ್ಲ ಅದನ್ನೇ ತಂತಮ್ಮ ಯಂತ್ರಕ್ಕೆ ಹೇಳಬಹುದು.

ಆ ಒಬ್ಬರು ಈಗ ನಾನು. ನನ್ನ ಹೆಸರು ಪುಟ್ಟಗೌರಿ. ಓದಿದ್ದು ಬಿ.ಎಸ್‌ಸಿ., ಹಳೆಯ ಸಂತೆಮಾಳದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಬೆಳಿಗ್ಗೆ ಪಂಚಾಯಿತಿ ಕಟ್ಟೆಯ ಮೈಕಿನ ಮುಂದೆ ನಿಂತು, ಶುಕ್ರಗ್ರಹದಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ಉದ್ದ ಅಂತಲೋ, ಮಂಗಳದಲ್ಲಿ ಸೂರ್ಯ ಮುಳುಗುವಾಗ ಆಕಾಶ ನೀಲಿಯಾಗುತ್ತದೆ ಅಂತಲೋ ಓದುತ್ತೇನೆ. ಕಟ್ಟೆಯ ಕೆಳಗೆ ಹಾಲಿನ ಕ್ಯಾನು ಹಿಡಿದವರು, ಬ್ಯಾಂಕಿನ ಗುಮಾಸ್ತರು ‘ಹೌದಾ!’ ಅಂದರೆ ಅವತ್ತಿನ ದಿನ ಗೆದ್ದಂತೆ. ಸುದ್ದಿಯ ಬೆನ್ನಿಗೆ ಒಂದು ಸಲಹೆ. ಕಂಪ್ಯೂಟರ್ ನಿಧಾನವಾದರೆ ಬಡಿಯಬೇಡಿ, ಒಮ್ಮೆ ಪೂರ್ತಿ ಆರಿಸಿ ಮತ್ತೆ ಹಾಕಿ. ಬಹುಮಾನ ಬಂದಿದೆ ಎನ್ನುವ ಸಂದೇಶದ ಕೊಂಡಿ ಒತ್ತಬೇಡಿ, ನಿಮಗೆ ಯಾರೂ ಬಹುಮಾನ ಕೊಡುವುದಿಲ್ಲ. ಮುಖ್ಯವಾದ ಕಡತಕ್ಕೆ ಎರಡು ಪ್ರತಿ ಇರಲಿ, ಒಂದು ಹೋದರೆ ಇನ್ನೊಂದು ಆಗುತ್ತದೆ. ಸಲಹೆಗಳನ್ನು ಜನ ಅರ್ಧ ಕಿವಿಯಲ್ಲಿ ಕೇಳುತ್ತಾರೆ. ಯಂತ್ರ ಕೆಟ್ಟಮೇಲೆ ಪೂರ್ತಿ ಕಿವಿಯೊಂದಿಗೆ ನನ್ನ ಅಂಗಡಿಗೆ ಬರುತ್ತಾರೆ.

ನನಗೆ ಇರುವವನು ಒಬ್ಬನೇ ಅಣ್ಣ, ಚೆನ್ನಿಗರಾಯ. ಸಂತೆಮಾಳದ ಇನ್ನೊಂದು ತುದಿಯಲ್ಲಿ ಅವನ ಬೇಕರಿ. ಅವನ ಬೆಣ್ಣೆ ಬಿಸ್ಕತ್ತಿಗೆ ಹೊಳೆಯಾಚೆಯಿಂದಲೂ ಗಿರಾಕಿ ಬರುತ್ತಿದ್ದರು. ನಮ್ಮ ಅಪ್ಪ ಸತ್ತಿದ್ದು ಕಿಡ್ನಿಯಲ್ಲಿ ನೀರುಗುಳ್ಳೆ ತುಂಬಿಕೊಳ್ಳುವ ಕಾಯಿಲೆಯಿಂದ. ಅದು ವಂಶದಲ್ಲಿ ಇಳಿದು ಬರುವಂಥದ್ದು. ಅಣ್ಣನಿಗೆ ಇಳಿದು ಬಂತು. ನಲವತ್ತೈದು ದಾಟುವಷ್ಟರಲ್ಲಿ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ಸಲ ನಮ್ಮ ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ಯಂತ್ರ ಅವನ ರಕ್ತವನ್ನು ಹೊರಗೆ ಎಳೆದು, ತೊಳೆದು, ವಾಪಸು ಕಳಿಸುತ್ತದೆ.

ನನ್ನ ಕಿಡ್ನಿ ಕೊಡುತ್ತೇನೆ ಎಂದು ಆಗಲೇ ಹೇಳಿದ್ದೆ. ಇಬ್ಬರೂ ನಗರಕ್ಕೆ ಹೋಗಿ, ನನ್ನ ರಕ್ತ ಕೊಟ್ಟು, ಸ್ಕ್ಯಾನ್ ಮಾಡಿಸಿಕೊಂಡು ಬಂದೆವು. ಫಲಿತಾಂಶ ಕೇಳಲು ಅಣ್ಣ ಒಬ್ಬನೇ ಹೋದ. ಅಂಗಡಿಯಲ್ಲಿ ಕೆಲಸ ಇತ್ತು, ನಾನು ಹೋಗಲಿಲ್ಲ. ಸಂಜೆ ದೋಣಿ ಇಳಿದು ಬಂದವನು, “ಹೊಂದಲ್ವಂತೆ ಗೌರಿ, ಬಿಡು. ನಿನಗೆ ಗುಳ್ಳೆಗಿಳ್ಳೆ ಏನಿಲ್ಲ ಅಂದ್ರು, ಅಷ್ಟು ಸಾಕು,” ಅಂದ. ನಾನು ಅತ್ತೆ. ಅವನೇ ನನಗೆ ಬನ್ನು ತಿನ್ನಿಸಿ ಮನೆಗೆ ಕಳಿಸಿದ. ಇದು ಎರಡು ವರ್ಷದ ಹಿಂದಿನ ಮಾತು.

ನಮ್ಮ ಆಸ್ಪತ್ರೆಯಲ್ಲಿರುವುದು ಒಂದೇ ಡಯಾಲಿಸಿಸ್ ಯಂತ್ರ. ಅದು ಊರಿನ ಎಲ್ಲ ಯಂತ್ರಗಳಿಗಿಂತ ಬುದ್ಧಿವಂತ. ಅದಕ್ಕೆ ಕಾರಣವೂ ಇದೆ. ರೋಗಿಗಳು ಅದರ ಪಕ್ಕದಲ್ಲಿ ನಾಲ್ಕು ಗಂಟೆ ಮಲಗಿರುತ್ತಾರೆ. ಮಲಗಿದವರು ಮಾತಾಡದೆ ಇನ್ನೇನು ಮಾಡುತ್ತಾರೆ? ಊರಿನ ಬಸುರಿ ಬಾಣಂತನ, ಜಗಳ, ಬೆಲೆ, ಮದುವೆ ಎಲ್ಲ ಅದರ ಕಿವಿಗೆ ಬಿದ್ದಿದೆ. ಸಾಲದ್ದಕ್ಕೆ ನಿವೃತ್ತ ಹೆಡ್‌ಮಾಸ್ತರು ಅಂಥೋಣಿಯವರೂ ಅಲ್ಲಿನ ರೋಗಿ. ಹೊತ್ತು ಹೋಗಲೆಂದು ಅವರು ನಮ್ಮ ವಾಚನಾಲಯದ ಪುಸ್ತಕಗಳನ್ನು ಒಂದೊಂದಾಗಿ ತರಿಸಿಕೊಂಡು ಗಟ್ಟಿಯಾಗಿ ಓದಿ ಮುಗಿಸಿದ್ದರು. ಹಾಗಾಗಿ ವಾಚನಾಲಯವೂ ಆ ಯಂತ್ರಕ್ಕೆ ಬಾಯಿಪಾಠ. ಅದನ್ನು ನೋಡಿಕೊಳ್ಳುವ ಮೆಹರ್ ಬಾನು ದಿನಾ ಬೆಳಿಗ್ಗೆ ನನ್ನ ಸುದ್ದಿಗಾಗಿ ಕಾದಿದ್ದು, ಅದನ್ನು ಹೇಳಿ ಯಂತ್ರ ತೆರೆಯುತ್ತಿದ್ದಳು. ಆಮೇಲೂ ಅರ್ಧ ಗಂಟೆ ಕಾದು, ಮುಚ್ಚಿಕೊಳ್ಳುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಸೂಜಿ ಚುಚ್ಚುತ್ತಿದ್ದಳು. ರಕ್ತ ಹೊರಗಿರುವಾಗ ಯಂತ್ರ ನಿಂತರೆ ಆಟವಲ್ಲ.

ಈ ಸಲ ಹೊಳೆ ಹಿಂದೆಂದೂ ಬರದಷ್ಟು ಬಂತು. ದೋಣಿ ನಿಂತಿತು. ಹೊಳೆಯ ತಳದಲ್ಲಿ ಹಾದು ಬರುತ್ತಿದ್ದ ಕೇಬಲ್ಲೂ ಕಿತ್ತುಹೋಯಿತು. ಫೋನಿಲ್ಲ, ಪೇಪರಿಲ್ಲ. ಬಂಡೆಗುಡ್ಡಗಳ ನಡುವಿನ ನಮ್ಮ ಊರಿಗೆ ರೇಡಿಯೊ ಮೊದಲೇ ಕೇಳಿಸುತ್ತಿರಲಿಲ್ಲ. ಕಷ್ಟಕಾಲಕ್ಕೆ ಇರಲಿ ಎಂದು ಕೂಡಿಟ್ಟ ಒಂದಷ್ಟು ಸುದ್ದಿ ನನ್ನ ಬಳಿ ಇತ್ತು. ಮೊದಲು ಎಲ್ಲರಿಗೂ ಹಂಚಿದೆ. ನೀರು ಇಳಿಯುವ ಲಕ್ಷಣ ಕಾಣದೆ ಹೋದಾಗ ಮೈಕು ಮುಚ್ಚಿ, ಉಳಿದದ್ದನ್ನು ಡಯಾಲಿಸಿಸ್ ಕೋಣೆಗೆ ಮಾತ್ರ ಎತ್ತಿಟ್ಟೆ. ಬ್ಯಾಂಕು ಮುಚ್ಚಿತು, ಕಚೇರಿಗಳು ಮುಚ್ಚಿದವು, ಯಾರೂ ಗೊಣಗಲಿಲ್ಲ. ಡೈರಿಯವರು ಹಾಲನ್ನು ಕೊಳಗದಲ್ಲಿ ಅಳೆದರು.

ಸುದ್ದಿ ಮುಗಿದ ಮಾರನೆಯ ದಿನ ಬೆಳಿಗ್ಗೆ ಯಂತ್ರ ತೆರೆಯಲಿಲ್ಲ. ಅವತ್ತು ಅಣ್ಣನ ಸರದಿ. ಮೆಹರ್ ಏನೇನೋ ಹೇಳಿ ನೋಡಿದಳಂತೆ, ಪರದೆ ಬೆಳ್ಳಗೆ ಹಾಗೇ ನಿಂತಿತ್ತಂತೆ. ಸಂಜೆಯ ಹೊತ್ತಿಗೆ ಅಣ್ಣನ ಕಾಲು ಊದಿಕೊಂಡಿತು. ಮರುದಿನ ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವನಿಗೆ ಮಲಗಲೂ ಆಗದೆ, ಅಂಗಾತವಾದರೆ ಉಸಿರು ಕಟ್ಟುತ್ತದೆಂದು, ದಿಂಬಿಗೆ ಒರಗಿ ಕೂತಿದ್ದ. ಪಕ್ಕದಲ್ಲಿ ನೀಲಾ ಅತ್ತಿಗೆ ಅವನ ಬೆನ್ನು ನೀವುತ್ತಿದ್ದಳು. ಅಂಥೋಣಿ ಮೇಷ್ಟ್ರೂ ಊದಿದ ಮುಖದಲ್ಲಿ ಬಂದು ಬೆಂಚಿನ ಮೇಲೆ ಕೂತಿದ್ದರು.

“ಏನಾದ್ರೂ ಇದ್ಯಾ ಗೌರಿ?” ಮೆಹರ್ ಬಾಗಿಲಲ್ಲೇ ಕೇಳಿದಳು.

ನನ್ನ ಬಳಿ ಏನೂ ಇರಲಿಲ್ಲ. ಆದರೂ ನೆನಪಿನ ತಳ ಕೆರೆದು ಹೇಳಿದೆ. ಆಕ್ಟೋಪಸ್ಸಿಗೆ ಮೂರು ಹೃದಯ ಅಂದೆ. ಅಲ್ಲಾಡಲಿಲ್ಲ. ಮೇಷ್ಟ್ರು, “ಅದನ್ನ ನಾನೇ ಓದಿದ್ದೆ, ಅದರ ರಕ್ತ ನೀಲಿ ಅನ್ನೋದನ್ನೂ ಓದಿದ್ದೆ,” ಅಂದರು, ತಪ್ಪು ಮಾಡಿದವರ ಹಾಗೆ. ನೀಲಾ ಅತ್ತಿಗೆ ತನ್ನ ತವರಿನ ಕತೆಯೊಂದನ್ನು ಹೇಳಿದಳು. ಅದು ಅಣ್ಣನ ಬಾಯಿಂದ ಯಂತ್ರಕ್ಕೆ ಎಂದೋ ತಲುಪಿತ್ತು. ಆಸ್ಪತ್ರೆಯ ಆಯಾ ಬಂದು ತನ್ನ ಮಗಳು ಓಡಿಹೋಗಿ ಮದುವೆಯಾದದ್ದನ್ನು ಹೇಳಿದಳು. ಪಾಪ, ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದಳು. ಯಂತ್ರಕ್ಕೂ ಗೊತ್ತಿತ್ತು, ನಮಗೆಲ್ಲರಿಗೂ ಗೊತ್ತಿತ್ತು.

“ಸುಳ್ಳು ಹೇಳಿ ತೆರೆದರೆ?” ಅತ್ತಿಗೆ ಕೇಳಿದಳು. “ಅರ್ಧ ಗಂಟೆಯಾದ್ರೂ ಸಿಗುತ್ತಲ್ಲ?”

“ಅರ್ಧ ಗಂಟೆಯಲ್ಲಿ ಏನೂ ಆಗಲ್ಲ ಅಕ್ಕ,” ಅಂದಳು ಮೆಹರ್. “ಆಮೇಲೆ ಇವತ್ತಿಡೀ ತೆರೆಯಲ್ಲ. ಇವರಿಬ್ಬರಿಗೂ ಇವತ್ತು ಆಗ್ಲೇಬೇಕು.”

ಅಣ್ಣ ಮೇಷ್ಟ್ರ ಕಡೆ ನೋಡಿದ, ಮೆಹರ್ ಕಡೆ ನೋಡಿದ, ನನ್ನ ಕಡೆ ಮಾತ್ರ ನೋಡಲಿಲ್ಲ. ಆಮೇಲೆ ಯಂತ್ರದ ಕಡೆ ತಿರುಗಿ, ಅದೊಬ್ಬ ಮನುಷ್ಯ ಎನ್ನುವ ಹಾಗೆ ಮೆಲ್ಲಗೆ ಹೇಳಿದ:

“ನನ್ನ ತಂಗಿ ಕಿಡ್ನಿ ನನಗೆ ಹೊಂದುತ್ತೆ. ಹೊಂದಲ್ಲ ಅಂತ ಮನೇಲಿ ಹೇಳಿದ್ದು ನಾನೇ.”

ಪರದೆಯ ಮೇಲೆ ಹಸಿರು ದೀಪ ಹತ್ತಿತು. ಒಳಗೆ ಪಂಪು ಗುಂಯ್ ಎಂದಿತು.

ಯಾರೂ ‘ಹೌದಾ’ ಅನ್ನಲಿಲ್ಲ. ಮೆಹರ್ ಗಡಿಯಾರ ನೋಡಿದಳು. ಅರ್ಧ ಗಂಟೆ ಕಾಯಬೇಕಿತ್ತು. ಆ ಅರ್ಧ ಗಂಟೆ ನಾನು ಆ ಹಸಿರು ದೀಪವನ್ನು ನೋಡುತ್ತಾ ಕೂತೆ. ಅದು ಆರಿದರೆ ಅಣ್ಣ ಹೇಳಿದ್ದು ಸುಳ್ಳು. ಯಂತ್ರ ತೆರೆಸಲು ಕಟ್ಟಿದ ಮಾತು, ಎರಡು ವರ್ಷ ಅವನು ನನ್ನಿಂದ ಏನನ್ನೂ ಮುಚ್ಚಿಟ್ಟಿಲ್ಲ ಎಂದಾಯಿತು. ಆದರೆ ಆರಿದರೆ ಅವನು ಉಳಿಯುವುದಿಲ್ಲ. ಉರಿಯುತ್ತಲೇ ಇದ್ದರೆ ಬದುಕುತ್ತಾನೆ, ಮತ್ತು ನನಗೆ ಮೋಸ ಮಾಡಿದ್ದೂ ನಿಜವಾಗುತ್ತದೆ. ಅದು ಉರಿಯಲಿ ಅಂತಲೇ ಬೇಡಿಕೊಂಡೆ. ಬೇಡಿಕೊಳ್ಳುತ್ತಲೇ ಅವನ ಮೇಲೆ ಹಲ್ಲು ಕಡಿಯುತ್ತಿದ್ದೆ. ಅತ್ತಿಗೆ ಅವನ ಬೆನ್ನಿನ ಮೇಲಿಂದ ಕೈ ತೆಗೆದಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಇಟ್ಟಳು.

ದೀಪ ಆರಲಿಲ್ಲ. ಮೆಹರ್ ಬಂದು ಅಣ್ಣನ ಎಡಗೈಗೆ ಸೂಜಿ ಚುಚ್ಚಿದಳು. ಕೆಂಪು ಕೊಳವೆಯಲ್ಲಿ ರಕ್ತ ಹರಿಯಿತು. ಉಸಿರು ನಿಧಾನವಾಗಿ ಹದಕ್ಕೆ ಬಂದಮೇಲೆ ನಾನು ಕುರ್ಚಿ ಎಳೆದುಕೊಂಡು ಹತ್ತಿರ ಕೂತೆ.

“ಯಾಕಣ್ಣ?”

“ಬೈಬೇಡ ಕಣೇ, ಸೂಜಿ ಇದೆ ಕೈಯಲ್ಲಿ.”

“ಸೂಜಿ ಇದ್ರೆ ಇರ್ಲಿ. ಯಾಕೆ ಹೇಳು.”

ಅವನು ಕೊಳವೆ ನೋಡುತ್ತಾ ಹೇಳಿದ: “ಅಪ್ಪನಿಗೆ ಬಂತು, ನನಗೆ ಬಂತು. ನಾಳೆ ನಿನ್ನ ಚಿನ್ಮಯಿಗೆ ಬಂದ್ರೆ? ಆಗ ಅವಳಿಗೆ ಯಾರು ಕೊಡೋರು? ನಿನ್ನ ಹತ್ರ ಒಂದು ಎತ್ತಿಟ್ಟಿರಲಿ ಅಂತ. ಎಲ್ಲದಕ್ಕೂ ಎರಡು ಪ್ರತಿ ಇರ್ಲಿ ಅಂತ ದಿನಾ ಮೈಕಲ್ಲಿ ಕೂಗೋಳು ನೀನೇ ಅಲ್ವಾ?”

ನನ್ನ ಮಗಳು ಚಿನ್ಮಯಿಗೆ ಆಗ ಎಂಟು ವರ್ಷ. ಅಣ್ಣ ಅತ್ತಿಗೆಗೆ ಮಕ್ಕಳಿಲ್ಲ. ಚಿನ್ಮಯಿ ಶಾಲೆಯಿಂದ ಬಂದರೆ ಮೊದಲು ಹೋಗುವುದು ಬೇಕರಿಗೆ. ನನಗೆ ಬಂದ ಸಿಟ್ಟು ಅರ್ಧಕ್ಕೆ ನಿಂತಿತು.

“ಅಣ್ಣ, ಎರಡನೇ ಪ್ರತಿ ಇಟ್ಕೊಳ್ಳೋದು ಮೊದಲನೇದು ಹೋದಾಗ ಬಳಸೋಕೆ. ಪೂಜೆ ಮಾಡೋಕಲ್ಲ. ಇನ್ನೊಂದು ವಿಷಯ. ಆ ಕಾಯಿಲೆ ನನಗಿಲ್ಲ. ನಲವತ್ತು ದಾಟಿದೆ, ಸ್ಕ್ಯಾನಲ್ಲಿ ಒಂದು ಗುಳ್ಳೆ ಇಲ್ಲ. ನನಗೇ ಇಲ್ಲದ್ದು ನನ್ನಿಂದ ನನ್ನ ಮಗಳಿಗೆ ಹೇಗೆ ಹೋಗುತ್ತೆ? ಇದು ಒಂದು ತಲೆಮಾರು ಬಿಟ್ಟು ನೆಗೆಯೋ ಕಾಯಿಲೆ ಅಲ್ಲ. ಇದನ್ನ ನಾನು ಮೈಕಲ್ಲೇ ಓದಿದ್ದೀನಿ.”

“ಯಾವತ್ತು?”

“ನೀನು ಕೇಳಿಸಿಕೊಂಡಿದ್ರೆ ತಾನೇ?”

“ಅವತ್ತು ಬನ್ನು ಸೀದುಹೋಗ್ತಿತ್ತೇನೋ,” ಅಂದ ಅಣ್ಣ. ಬೆಂಚಿನ ಮೇಲಿಂದ ಅಂಥೋಣಿ ಮೇಷ್ಟ್ರು, “ಅವಳು ಹೇಳೋದು ಸರಿ ಚೆನ್ನಿಗ,” ಅಂದರು. ಅಣ್ಣ ಕಣ್ಣು ಮುಚ್ಚಿಕೊಂಡ. ರೆಪ್ಪೆಯ ಅಂಚಿನಲ್ಲಿ ನೀರಿತ್ತು. ಅತ್ತಿಗೆ ಸೆರಗಿನಿಂದ ಒರೆಸಿದಳು, ಸ್ವಲ್ಪ ಒರಟಾಗಿಯೇ.

ಮರುದಿನಕ್ಕೆ ಹೊಳೆ ಇಳಿಯತೊಡಗಿತು. ಅದರ ಮಾರನೆಯ ದಿನ ಮೊದಲ ದೋಣಿಯಲ್ಲಿ ಪೇಪರಿನ ಕಟ್ಟು ಬಂತು, ಊರು ತೆರೆದುಕೊಂಡಿತು. ಅಣ್ಣ ಮಾತ್ರ ಬಾಯಿ ತೆರೆಯಲಿಲ್ಲ. ಆಪರೇಷನ್ ಮಾತೆತ್ತಿದರೆ ಒಲೆ ಕಡೆ ತಿರುಗುತ್ತಿದ್ದ. ಮನೆಯಲ್ಲಿ ನನ್ನ ಗಂಡ ಶಿವಲಿಂಗು ಮೋಟಾರಿನ ತಾಮ್ರದ ತಂತಿ ಸುತ್ತುತ್ತಾ, “ನಿಮ್ಮಣ್ಣ ಮಾಡಿದ್ದೇ ಸರಿ,” ಅಂದರು. “ಅವನಿಗೆ ನಿನ್ನ ಮೇಲೆ ಪ್ರೀತಿ ಇದೆ, ನನಗೂ ಇದೆ. ಆಪರೇಷನ್ ಮೇಜಿನ ಮೇಲೆ ನಿನಗೇನಾದ್ರೂ ಆದ್ರೆ ನಾನು ಯಾರನ್ನ ಕೇಳಲಿ?” ನಾನು ಓದಿದ್ದೆಲ್ಲ ಹೇಳಿದೆ, ಕೊಟ್ಟವರು ಸಾಮಾನ್ಯವಾಗಿ ಚೆನ್ನಾಗಿಯೇ ಬಾಳುತ್ತಾರೆ ಎಂದೆ. “ಸಾಮಾನ್ಯವಾಗಿ,” ಎಂದು ಆ ಒಂದು ಪದವನ್ನು ಮಾತ್ರ ಅವರು ವಾಪಸು ಹೇಳಿದರು. ನಾವಿಬ್ಬರೂ ಒಂದು ವಾರ ಉಪ್ಪು ಹುಳಿಯ ಮಾತು ಬಿಟ್ಟು ಬೇರೆ ಆಡಲಿಲ್ಲ.

ನೀಲಾ ಅತ್ತಿಗೆ ಒಂದು ಮಧ್ಯಾಹ್ನ ಅಂಗಡಿಗೆ ಬಂದಳು. ರಿಪೇರಿಗೆ ಬಂದ ಗಣಕಗಳ ನಡುವೆ ಸ್ಟೂಲಿನ ಮೇಲೆ ಕೂತಳು.

“ನಾನು ಕೇಳಕ್ಕೆ ಬಂದಿಲ್ಲ ಗೌರಿ,” ಅಂದಳು. “ಕೇಳೋದಾದ್ರೆ ಹೇಗೆ ಕೇಳ್ಲಿ, ಒಂದು ಲೋಟ ಸಕ್ಕರೆನಾ? ಕೇಳ್ದೇ ಇರೋಕೂ ಆಗ್ತಿಲ್ಲ. ಅದಕ್ಕೇ ಬಂದು ಕೂತಿದ್ದೀನಿ.”

“ನೀವು ಕೇಳ್ಬೇಡಿ ಅತ್ತಿಗೆ. ಅವನನ್ನ ಒಂದು ದಿನ ದೋಣಿ ಹತ್ತಿಸಿ ಸಾಕು.”

ಅವಳು ಹತ್ತಿಸಿದಳು. ಹೇಗೆ ಅಂತ ಆಮೇಲೆ ಗೊತ್ತಾಯಿತು: ಬೇಕರಿಯ ಬೀಗದ ಕೈ ತೆಗೆದುಕೊಂಡು ದೋಣಿಯಲ್ಲಿ ಹೋಗಿ ಕೂತುಬಿಟ್ಟಿದ್ದಳು. ‘ಬಂದ್ರೆ ಬೀಗ ತೆಗೀತೀನಿ, ಇಲ್ದಿದ್ರೆ ಇದು ಹೊಳೆಗೆ’ ಅಂದಿದ್ದಳಂತೆ. ನಾನು ದಡಕ್ಕೆ ಬರುವಾಗ ಶಿವಲಿಂಗು ನನಗಿಂತ ಮೊದಲೇ ದೋಣಿಯಲ್ಲಿದ್ದರು. ಮುಖ ಗಂಟಿಕ್ಕಿಕೊಂಡೇ, “ಆ ಡಾಕ್ಟರಿಗೆ ನಾನೂ ಒಂದೆರಡು ಕೇಳೋದಿದೆ,” ಅಂದರು.

ನಗರದ ಆಸ್ಪತ್ರೆಯ ಡಾಕ್ಟರು ಹಳೆಯ ಫಲಿತಾಂಶ ತೆಗೆಸಿ ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಎರಡು ವರ್ಷದ ಮೇಲೆ ಈಗ ಮನಸ್ಸು ಬಂತೇನಮ್ಮ?” ಅಂದರು. ನನಗೆ ಅರ್ಥವಾಗಲಿಲ್ಲ. ಅಣ್ಣ ತಲೆ ತಗ್ಗಿಸಿದ. ಡಾಕ್ಟರಿಗೆ ಅವನು ಬೇರೆಯೇ ಹೇಳಿದ್ದ: ತಂಗಿ ಒಪ್ಪಲಿಲ್ಲ, ಹಿಂದೆ ಸರಿದಳು ಅಂತ. ಎರಡು ವರ್ಷದಿಂದ ಆ ಕೋಣೆಯಲ್ಲಿ ನಾನು ಒಡಹುಟ್ಟಿದವನನ್ನು ಕೈಬಿಟ್ಟವಳು. ನಾನು ಬಾಯಿ ತೆರೆಯುವ ಮುಂಚೆ ಅಣ್ಣ ಎದ್ದು ನಿಂತು, “ಸಾರ್, ಅದು ನಾನು ಹೇಳಿದ ಸುಳ್ಳು. ಇವಳು ಅವತ್ತೂ ಕೊಡ್ತೀನಿ ಅಂದಿದ್ಲು, ಇವತ್ತೂ ಅಂತಿದ್ದಾಳೆ. ಬೈಯೋದಿದ್ರೆ ನನ್ನನ್ನ ಬೈರಿ,” ಅಂದ. ಡಾಕ್ಟರು ಬೈಯಲಿಲ್ಲ. ಕೂರಿ ಅಂದರು. ಚಿನ್ಮಯಿಯ ವಿಷಯವನ್ನು ಅಣ್ಣ ತಾನೇ ಕೇಳಿದ, ನಾನು ಹೇಳಿದ್ದನ್ನೇ ಅವರೂ ಹೇಳಿದರು. ಶಿವಲಿಂಗು ಕೇಳಿದ್ದು ಒಂದೆರಡಲ್ಲ. ಎಲ್ಲದಕ್ಕೂ ಡಾಕ್ಟರು ಸಮಾಧಾನವಾಗಿ ಉತ್ತರ ಕೊಟ್ಟರು. ಹೊರಗೆ ಬಂದಮೇಲೆ ಶಿವಲಿಂಗು ನನ್ನ ಕೈಚೀಲವನ್ನು ತಾವೇ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು. ಮದುವೆಯಾದ ಮೇಲೆ ಅದೇ ಮೊದಲು.

ಮತ್ತೆ ಪರೀಕ್ಷೆಗಳು, ಸರ್ಕಾರದ ಸಮಿತಿಯ ಮುಂದೆ ಹಾಜರಿ, ಸಹಿಗಳು. ಎಲ್ಲ ಮುಗಿದು ಆಪರೇಷನ್ನಿನ ದಿನ ಬಂತು. ನನ್ನನ್ನು ಮೊದಲು ಒಳಗೆ ತಳ್ಳಿಕೊಂಡು ಹೋದರು. ಪಕ್ಕದ ಗಾಡಿಯಲ್ಲಿ ಅಣ್ಣ ಹಸಿರು ಟೋಪಿ ಹಾಕಿಕೊಂಡು ಮಲಗಿದ್ದ. “ಗೌರಿ, ಹೆದರಿಕೆ ಆಗ್ತಿದ್ಯಾ?” ಅಂದ. ಆಗ್ತಿದೆ ಅಂದೆ. “ನನಗೂ,” ಅಂದ. ಅಷ್ಟೇ ಮಾತು.

ಎಚ್ಚರವಾದಾಗ ಪಕ್ಕೆಯಲ್ಲಿ ಬೆಂಕಿ ಇಟ್ಟಂತೆ ನೋವು, ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿತ್ತು. ಶಿವಲಿಂಗು ನನ್ನ ಕಾಲಿನ ಬಳಿ ಕೂತಲ್ಲೇ ತೂಕಡಿಸುತ್ತಿದ್ದರು. ಅಣ್ಣನದು ಏನಾಯಿತು ಎಂದು ಕೇಳಬೇಕು, ಸ್ವರ ಬರುತ್ತಿಲ್ಲ. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದು ನೀಲಾ ಅತ್ತಿಗೆ ಬಂದಳು. ಚಪ್ಪಲಿ ಎಲ್ಲೋ ಬಿಟ್ಟು ಬಂದಿದ್ದಳು, ಸೆರಗು ನೆಲ ಗುಡಿಸುತ್ತಿತ್ತು. ಹಿಂದೆಯೇ ನರ್ಸು, “ಅಮ್ಮಾ, ಓಡಬೇಡಿ, ಕೂಗಬೇಡಿ,” ಎನ್ನುತ್ತಾ ಓಡಿ ಬರುತ್ತಿದ್ದಳು.

“ಬಂತು ಗೌರಿ! ಬಂತು!”

ಅಣ್ಣನಿಗೆ ಎರಡು ವರ್ಷದಿಂದ ಮೂತ್ರವೇ ನಿಂತುಹೋಗಿತ್ತು. ಕಿಡ್ನಿ ಜೋಡಿಸಿದ ಕೆಲ ನಿಮಿಷಕ್ಕೇ ಹನಿಯತೊಡಗಿ, ಈಗ ಮಂಚಕ್ಕೆ ನೇತುಹಾಕಿದ ಚೀಲ ತುಂಬುತ್ತಿದೆಯಂತೆ. ಅತ್ತಿಗೆ ಅಳುತ್ತಿದ್ದಳು, ನಗುತ್ತಿದ್ದಳು, ಎರಡು ಕೈಯಲ್ಲೂ ಅದರ ಗಾತ್ರ ತೋರಿಸುತ್ತಿದ್ದಳು. ವಾರ್ಡಿನವರೆಲ್ಲ ತಲೆ ಎತ್ತಿ ನೋಡಿದರು.

“ಹಳದಿ ಕಣೇ,” ಅಂದಳು. “ಒಳ್ಳೇ ನಿಂಬೆಹಣ್ಣಿನ ಹಳದಿ. ಮುಟ್ಟಿ ನೋಡ್ದೆ, ಬೆಚ್ಚಗಿತ್ತು.”